ಮನೆಯ ಕಂಪ್ಯೂಟರು, ಮಗಳ ಗಿಟಾರು



ಈ ಸಲದ ಪತ್ರಗಳ ಕಟ್ಟಿನಲ್ಲಿ ನಮ್ಮ ಮೈಸೂರಿನ ರಾಜೀವನಗರ ಎರಡನೇ ಹಂತದಿಂದ ಬಂದದ್ದೊಂದಿತ್ತು. ನಾಲ್ಕು ಹಾಳೆ, ಎರಡೂ ಮಗ್ಗುಲು ತುಂಬಿಸಿ ಬರೆದಿದ್ದಾರೆ. ಅಷ್ಟನ್ನೂ ಇಲ್ಲಿ ಕೊಡಲಾಗುವುದಿಲ್ಲ, ಮುಖ್ಯವಾದ ಮಾತನ್ನಷ್ಟೇ ಅವರ ಮಾತಿನಲ್ಲೇ ಹೇಳುತ್ತೇನೆ.

“ಅಕ್ಕಾ, ನನ್ನ ಮಗಳು ಬಿ.ಕಾಂ. ಕೊನೇ ವರ್ಷ. ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ಯಾರೋ ಬಳಸಿದ ಎಲೆಕ್ಟ್ರಿಕ್ ಗಿಟಾರು ತಂದಿದ್ದಾಳೆ. ಅದಕ್ಕೆ ತನ್ನದೇ ಸದ್ದಿಲ್ಲ, ಟಿಣ್ ಟಿಣ್ ಅನ್ನುತ್ತೆ ಅಷ್ಟೆ. ಗೆಳತಿಯ ಹತ್ತಿರ ಒಂದು ವಾರದ ಮಟ್ಟಿಗೆ ಆಂಪ್ಲಿಫೈಯರು ತಂದಿದ್ದಳು. ನಮ್ಮೆಜಮಾನರಿಗೆ ಮೇಟಗಳ್ಳಿ ಕಡೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಹಗಲು ಮಲಗಬೇಕು. ಪಕ್ಕದ ಮನೆಯ ದಾದಿ ಲಕ್ವ ಹೊಡೆದು ಮಲಗಿದ್ದಾರೆ, ಎರಡು ಮನೆಗೂ ಒಂದೇ ಗೋಡೆ. ಅವರ ಸೊಸೆ ಬಂದು ‘ಅಮ್ಮಿಗೆ ನಿದ್ದೆ ಬರ್ತಿಲ್ಲ ಅಕ್ಕಾ, ಸ್ವಲ್ಪ ಮೆಲ್ಲಗೆ’ ಅಂತ ನಗುನಗುತ್ತಲೇ ಹೇಳಿದಳು. ನಾಚಿಕೆಯಾಗಿ ಹೋಯ್ತು. ಈಗ ಇವಳು ಕಂಪ್ಯೂಟರಿನಲ್ಲೇ ನುಡಿಸಬಹುದು, ಸದ್ದೇ ಬರಲ್ಲ ಅಂತಾಳೆ. ಅಂಗಡಿಯವರನ್ನು ಕೇಳಿದರೆ ಹೊಸ ಕಂಪ್ಯೂಟರೇ ಬೇಕು, ಎಲ್ಲಾ ಸೇರಿ ಎಂಬತ್ತು ಸಾವಿರ ಅಂದರು. ನನ್ನ ಚೀಟಿ ಹಣ ನಲವತ್ತು ಸಾವಿರ ಬರೋದಿದೆ, ಅದು ಅವಳ ಎಂ.ಕಾಂ. ಫೀಸಿಗೆ ಅಂತ ಇಟ್ಟದ್ದು. ಈ ತಿಂಗಳ ಕೊನೆಗೆ ಗಿಟಾರು ಮಾರಿಬಿಡಲಿ ಅಂತ ಇವರು ಹೇಳಿದ್ದಾರೆ. ಅವಳು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಕಂಪ್ಯೂಟರಿನಲ್ಲಿ ಗಿಟಾರು ನುಡಿಸೋದು ಅಂದರೆ ಏನು? ಇದು ನಿಜವೋ, ಹುಡುಗಾಟವೋ?”

ನಿಜ ಸೋದರಿ, ಹುಡುಗಾಟವಲ್ಲ. ಎಂಬತ್ತು ಸಾವಿರದ ಮಾತು ಮಾತ್ರ ಹುಡುಗಾಟವೇ. ರಾಜೀವನಗರ ನನಗೆ ದೂರವೇನಲ್ಲ. ಅಂಚೆಯಲ್ಲಿ ಉತ್ತರ ಬರೆಯುತ್ತ ಕೂರುವ ಬದಲು ಒಂದು ಮಧ್ಯಾಹ್ನ ಹೊರಟೇಬಿಟ್ಟೆ. ಮಗಳು ಮೊದಮೊದಲು ಬಾಗಿಲ ಹಿಂದೆಯೇ ನಿಂತಿದ್ದಳು. “ಏನೇನು ಬೇಕು, ಒಂದು ಚೀಟಿಯಲ್ಲಿ ಬರೆದು ಕೊಡಮ್ಮ” ಅಂದೆ. “ಬರೆದಿಟ್ಟಿದೀನಿ ಆಂಟಿ” ಅಂತ ನೋಟ್‌ಬುಕ್ಕಿನಿಂದ ಹಾಳೆಯೊಂದನ್ನು ತೆಗೆದು ಕೊಟ್ಟಳು. ಅದರಲ್ಲಿ ನಾಲ್ಕೇ ಸಾಲು: ಒಂದು ಸಣ್ಣ ಡಬ್ಬಿ, ಒಂದು ವೈರು, ವೈರಿರುವ ಹೆಡ್‌ಫೋನು, ಹಳೆ ಕಂಪ್ಯೂಟರಿಗೆ ಹೊಸ ಡಿಸ್ಕು. ಒಟ್ಟು ಹನ್ನೆರಡು ಸಾವಿರದೊಳಗೆ. ಹೊಸ ಕಂಪ್ಯೂಟರಿನ ಸುದ್ದಿಯೇ ಆ ಹಾಳೆಯಲ್ಲಿರಲಿಲ್ಲ. ತಾಯಿ ಅಂಗಡಿಯವರನ್ನು ಕೇಳಿದ್ದರು, ತಂದೆ ಸಹೋದ್ಯೋಗಿಗಳನ್ನು ಕೇಳಿದ್ದರು. ಮಗಳ ಹಾಳೆಯನ್ನು ಇಬ್ಬರೂ ನೋಡಿರಲಿಲ್ಲ.

ಇಂಥ ಪ್ರಶ್ನೆ ನಿಮ್ಮಲ್ಲಿ ಇನ್ನೂ ಹಲವರ ಮನೆಯಲ್ಲಿ ಏಳಬಹುದು. ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ವೀಣೆಗೆ ಬುರುಡೆ ಇದೆ, ತಂಬೂರಿಗೆ ಇದೆ, ಮಾಮೂಲಿ ಗಿಟಾರಿಗೂ ಟೊಳ್ಳು ಹೊಟ್ಟೆ ಇದೆ. ತಂತಿಯ ಸಣ್ಣ ಸದ್ದನ್ನು ಆ ಹೊಟ್ಟೆ ದೊಡ್ಡದು ಮಾಡುತ್ತದೆ. ಎಲೆಕ್ಟ್ರಿಕ್ ಗಿಟಾರು ಸಾಮಾನ್ಯವಾಗಿ ಗಟ್ಟಿ ಮರದ ಹಲಗೆ, ಹೊಟ್ಟೆಯಿಲ್ಲ. ಅದರ ತಂತಿ ಉಕ್ಕಿನದು. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ಅಲುಗಾಡಿದರೆ ಆ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಗಿಟಾರಿನಿಂದ ಹೊರಗೆ ಬರುವುದು ಅದೇ. ಅದನ್ನು ಬಲಪಡಿಸಿ ಸ್ಪೀಕರಿಗೆ ಕೊಡುವ ಪೆಟ್ಟಿಗೆಯೇ ಆಂಪ್ಲಿಫೈಯರು. ಅದಿಲ್ಲದೆ ಈ ಗಿಟಾರು ಅರ್ಧ ವಾದ್ಯ, ಒಲೆಯಿಲ್ಲದ ಕಾವಲಿ ಇದ್ದ ಹಾಗೆ.

ಇದನ್ನೆಲ್ಲ ಪರದೇಶದ ಗದ್ದಲ ಅನ್ನುವವರು ಮನೆಯಲ್ಲಿದ್ದರೆ ಅವರಿಗೆ ನಮ್ಮ ಪಿಟೀಲು ಚೌಡಯ್ಯನವರನ್ನು ನೆನಪು ಮಾಡಿಕೊಡಿ. ತಿರುಮಕೂಡಲಿನವರು, ಮೈಸೂರಿನ ಹೆಮ್ಮೆ. ಮೈಕು ಇನ್ನೂ ಬಳಕೆಗೆ ಬಂದಿರದ ಕಾಲದಲ್ಲಿ ಕಚೇರಿಯ ಹಿಂದಿನ ಸಾಲಿನವರಿಗೂ ಕೇಳಿಸಬೇಕೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡರು. ಆ ಪಿಟೀಲಾದರೂ ಎಲ್ಲಿಯದು? ಪರದೇಶದ್ದೇ ಅಲ್ಲವೇ? ವಾದ್ಯದ ಸದ್ದು ಸಾಲದು ಅನ್ನುವ ಚಿಂತೆ ನಮ್ಮಲ್ಲಿ ಹೊಸದೇನಲ್ಲ. ಈಗ ವೀಣೆಗೂ ಕಾಂಟ್ಯಾಕ್ಟ್ ಮೈಕು ಅಂಟಿಸಿ ಕಚೇರಿ ಮಾಡುತ್ತಾರೆ, ಯಾರೂ ಮೂಗು ಮುರಿಯುವುದಿಲ್ಲ. ಮನೆಯೊಳಗೇ ಯಂತ್ರ ಕಟ್ಟಿ ಸಂಗೀತ ನುಡಿಸುವುದೂ ನಮ್ಮೂರಿಗೆ ಹಳೆಯ ಕತೆ. 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ನಡೆಸಿದರು. ‘ಆಕಾಶವಾಣಿ’ ಅನ್ನುವ ಹೆಸರು ಅಲ್ಲಿಯದು. ಇನ್ನು ಗಿಟಾರು ಹಿಡಿದವರು ಕನ್ನಡ ಮರೆಯುತ್ತಾರೆ ಅನ್ನುವವರಿಗೆ ಮೈಸೂರಿನಲ್ಲೇ ಬೆಳೆದ ರಘು ದೀಕ್ಷಿತ್ ಇದ್ದಾರೆ. ಶಿಶುನಾಳ ಷರೀಫರ ತತ್ತ್ವಪದವನ್ನು ಗಿಟಾರಿನ ಜೊತೆ ಹಾಡಿ ದೇಶದೇಶ ಸುತ್ತಿಸಿದವರು ಅವರು.

ಇರಲಿ, ಕಂಪ್ಯೂಟರಿನ ವಿಷಯಕ್ಕೆ ಬರೋಣ.

ಅಜ್ಜಿಯ ಮನೆಯ ಹಳೇ ವಾಲ್ವ್ ರೇಡಿಯೋ ನೆನಪಿದೆಯೇ? ಬಿಸಿಯಾಗುವ ತನಕ ಕಾಯಬೇಕಿತ್ತು, ಆಮೇಲೆ ಒಂದು ತುಂಬಿದ ದನಿ ಬರುತ್ತಿತ್ತು. ಗಿಟಾರಿನ ಹಳೆಯ ಆಂಪ್ಲಿಫೈಯರುಗಳಲ್ಲೂ ಅಂಥ ವಾಲ್ವುಗಳೇ ಇದ್ದವು. ತಡೆಯಲಾರದಷ್ಟು ಬಲ ಕೊಟ್ಟಾಗ ಅವು ಸದ್ದನ್ನು ಸ್ವಲ್ಪ ಮುರಿಯುತ್ತಿದ್ದವು. ಸಿನಿಮಾ ಹಾಡುಗಳಲ್ಲಿ ನೀವು ಕೇಳಿರುವ ಆ ‘ಗುರ್ರ್’ ಎನ್ನುವ ಗಿಟಾರಿನ ದನಿ ಆ ಮುರಿತದ್ದು. ಯಾವ ಪೆಟ್ಟಿಗೆ ಸದ್ದನ್ನು ಹೇಗೆ ಮುರಿಯುತ್ತದೆ, ಯಾವ ಸ್ಪೀಕರು ಹೇಗೆ ಮೆದುಗೊಳಿಸುತ್ತದೆ ಅನ್ನುವುದನ್ನು ಅಳೆದು ಲೆಕ್ಕಕ್ಕೆ ಇಳಿಸಿದರೆ, ಆ ಕೆಲಸವನ್ನು ಕಂಪ್ಯೂಟರೇ ಮಾಡಬಲ್ಲದು. ಇಂಥ ಲೆಕ್ಕವನ್ನು ಒಂದು ಪುಟ್ಟ ಪೆಟ್ಟಿಗೆಯೊಳಗೆ ತುಂಬಿ 1998ರಲ್ಲಿ ಅಮೆರಿಕದ ಲೈನ್ 6 ಕಂಪೆನಿ ‘ಪಾಡ್’ ಅಂತ ಮಾರಿತು. ಈಗ ಅದೇ ಬಗೆಯ ಲೆಕ್ಕ ನಮ್ಮ ಮಕ್ಕಳು ಪಾಠ ಓದುವ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಆಂಪ್ಲಿಟ್ಯೂಬ್, ಗಿಟಾರ್ ರಿಗ್ ಮುಂತಾದ ತಂತ್ರಾಂಶಗಳಿವೆ. ಇವಕ್ಕೆ ದುಡ್ಡು ಕೊಡಬೇಕಾದ ದೊಡ್ಡ ಆವೃತ್ತಿಯೂ ಉಂಟು, ಕಲಿಯುವವರಿಗೆ ಸಾಲುವಂಥ ಉಚಿತ ಆವೃತ್ತಿಯೂ ಉಂಟು. ನ್ಯೂರಲ್ ಆಂಪ್ ಮಾಡೆಲರ್ ಅನ್ನುವುದಂತೂ ಪೂರ್ತಿ ಉಚಿತ. ನಮ್ಮ ಹುಡುಗಿ ಹಿಡಿದದ್ದು ಅದನ್ನೇ.

ಹಾಗಾದರೆ ಗಿಟಾರಿನ ವೈರನ್ನು ಕಂಪ್ಯೂಟರಿನ ಗುಲಾಬಿ ಬಣ್ಣದ ಮೈಕಿನ ತೂತಿಗೆ ಚುಚ್ಚಿದರೆ ಆಗದೇ ಅಂತ ಕೇಳಬಹುದು. ಸದ್ದೇನೋ ಬರುತ್ತದೆ, ಮೂಗು ಕಟ್ಟಿದ ಹಾಗೆ, ಗುಂಯ್ ಅನ್ನುವ ಗಲಾಟೆಯ ಜೊತೆ. ಆ ತೂತು ಸಣ್ಣ ಮೈಕಿಗಾಗಿ ಮಾಡಿದ್ದು. ಗಿಟಾರಿನ ಸುರುಳಿ ಕೊಡುವ ಬಡಪಾಯಿ ವಿದ್ಯುತ್ತನ್ನು ಅದು ಹೀರಿ ಕುಗ್ಗಿಸಿಬಿಡುತ್ತದೆ. ಅದಕ್ಕೇ ನಡುವೆ ಒಂದು ಡಬ್ಬಿ ಬೇಕು, ‘ಆಡಿಯೋ ಇಂಟರ್‌ಫೇಸ್’ ಅನ್ನುತ್ತಾರೆ. ನಮ್ಮ ಸಾಂಬಾರ ಡಬ್ಬಿಗಿಂತ ಚಿಕ್ಕದು. ಒಂದು ಕಡೆ ಗಿಟಾರಿನ ವೈರು, ಇನ್ನೊಂದು ಕಡೆ ಕಂಪ್ಯೂಟರಿಗೆ ಹೋಗುವ ಯು.ಎಸ್.ಬಿ. ವೈರು, ಮುಂದುಗಡೆ ಹೆಡ್‌ಫೋನಿಗೆ ಜಾಗ. ಗಿಟಾರಿನ ವಿದ್ಯುತ್ತನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕಿಗಳಾಗಿ ಮಾಡಿ ಕಂಪ್ಯೂಟರಿಗೆ ಕೊಡುತ್ತದೆ. ಕಂಪ್ಯೂಟರು ಲೆಕ್ಕ ಮಾಡಿ ಹಿಂದಕ್ಕೆ ಕೊಟ್ಟ ಅಂಕಿಗಳನ್ನು ಮತ್ತೆ ಸದ್ದು ಮಾಡಿ ಹೆಡ್‌ಫೋನಿಗೆ ಕಳಿಸುತ್ತದೆ. ಸಾಧಾರಣವಾದದ್ದು ನಾಲ್ಕೈದು ಸಾವಿರಕ್ಕೂ, ಒಳ್ಳೆಯ ಹೆಸರಿನದು ಹತ್ತು ಹನ್ನೆರಡು ಸಾವಿರಕ್ಕೂ ಸಿಗುತ್ತದೆ. ಕೊಳ್ಳುವಾಗ ಒಂದೇ ಒಂದು ಮಾತು ಕೇಳಿ: “ಇದರಲ್ಲಿ ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ-ಝಡ್’ ಅಂತ ಬರೆದ ತೂತೋ ಸ್ವಿಚ್ಚೋ ಇದೆಯೇ?” ಇದ್ದರೆ ತನ್ನಿ. ಬರೀ ಮೈಕಿಗೆ ಮಾತ್ರ ಇರುವುದು ನಮಗೆ ಬೇಡ.

ಇನ್ನು ಕಂಪ್ಯೂಟರು. ಈ ಮನೆಯಲ್ಲಿದ್ದದ್ದು 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ತರಗತಿಗೆಂದು ತಂದದ್ದು. ಎಂಟು ಜಿ.ಬಿ. ಮೆಮೊರಿ ಇದೆ. ಶುರುವಾಗುವಷ್ಟರಲ್ಲಿ ಒಂದು ಸಲ ಕಾಫಿ ಸೋಸಿ ಮುಗಿಸಬಹುದು, ಅಷ್ಟು ನಿಧಾನ. ಕಾರಣ ಒಳಗಿದ್ದ ಹಳೆಯ ಕಾಲದ ತಿರುಗುವ ಹಾರ್ಡ್ ಡಿಸ್ಕು. ಅದನ್ನು ತೆಗೆಸಿ ಎಸ್.ಎಸ್.ಡಿ. ಅನ್ನುವ ಹೊಸ ಬಗೆಯದನ್ನು ಹಾಕಿಸಿದರು. ನುಡಿಸುವಾಗ ಬರುವ ಲೆಕ್ಕವೆಲ್ಲ ಪ್ರೊಸೆಸರಿನ ಕೆಲಸ, ಡಿಸ್ಕಿನದಲ್ಲ. ಆದರೆ ಮೊದಲ ಕಾಯುವಿಕೆ ತಪ್ಪಿತು, ಕಂಪ್ಯೂಟರಿಗೂ ಇನ್ನಷ್ಟು ವರ್ಷ ಆಯುಸ್ಸು ಬಂತು. ನಿಮ್ಮ ಮನೆಯ ಕಂಪ್ಯೂಟರು ನಾಲ್ಕಾರು ವರ್ಷದ್ದಾಗಿದ್ದರೆ ಅದರಲ್ಲೇ ಮೊದಲು ಪ್ರಯತ್ನ ಮಾಡಿ. ಹೊಸದು ಬೇಕೇ ಬೇಕು ಅನ್ನುವವರ ಮಾತು ಆಮೇಲೆ ಕೇಳಿದರಾಯಿತು, ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ.

ಡಬ್ಬಿ ಬಂತು, ವೈರು ಸೇರಿಸಿದ್ದಾಯಿತು. ಮೊದಲ ದಿನ ಹುಡುಗಿಯ ಮುಖ ಬಾಡಿಹೋಯಿತಂತೆ. ತಂತಿ ಮೀಟಿದ ಮೇಲೆ ಸದ್ದು ಬರುವುದು ತಡವಾಗುತ್ತಿತ್ತು. ಒಗ್ಗರಣೆಗೆ ಸಾಸಿವೆ ಹಾಕಿದ ಮೇಲೆ ಸಿಡಿಯುವ ಸದ್ದು ಒಂದು ಗಳಿಗೆ ಬಿಟ್ಟು ಪಕ್ಕದ ಕೋಣೆಯಿಂದ ಕೇಳಿಸಿದರೆ ಹೇಗಿರುತ್ತೆ, ಹಾಗೆ. ತಾಳವೇ ಕೂಡುವುದಿಲ್ಲ. ಇಷ್ಟಕ್ಕೇ ಬೇಸತ್ತು ‘ಇದು ಆಗದ ಕೆಲಸ’ ಅಂತ ಡಬ್ಬಿಯನ್ನು ಅಟ್ಟಕ್ಕೆ ಹಾಕಿದವರು ಎಷ್ಟೋ ಜನ. ಇಲ್ಲಿ ಸ್ವಲ್ಪ ನಿಂತು ಅರ್ಥ ಮಾಡಿಕೊಳ್ಳಬೇಕು.

ನಲ್ಲಿಯಿಂದ ಡ್ರಮ್ಮಿಗೆ ನೀರು ಹೊತ್ತು ಹಾಕುವುದನ್ನು ನೆನೆಸಿಕೊಳ್ಳಿ. ಕಂಪ್ಯೂಟರು ಅಂಕಿಗಳನ್ನು ಒಂದೊಂದಾಗಿ ಒಯ್ಯುವುದಿಲ್ಲ, ಪಾತ್ರೆಯಲ್ಲಿ ತುಂಬಿ ಒಯ್ಯುತ್ತದೆ. ಆ ಪಾತ್ರೆಗೆ ‘ಬಫರ್’ ಅಂತ ಹೆಸರು. 1024 ಅಂಕಿ ಹಿಡಿಯುವ ಕೊಡವಾದರೆ ತುಂಬಲಿಕ್ಕೇ ಸೆಕೆಂಡಿನ ಸಾವಿರದ 21 ಪಾಲು ಹಿಡಿಯುತ್ತದೆ. ಬರುವಾಗ ಒಂದು ಕೊಡ, ಹೋಗುವಾಗ ಇನ್ನೊಂದು, ಸೇರಿ ನಲವತ್ತು ದಾಟಿತು. ಸದ್ದು ಗಾಳಿಯಲ್ಲಿ ಅಷ್ಟು ಹೊತ್ತಿಗೆ ಸುಮಾರು 45 ಅಡಿ ಹೋಗುತ್ತದೆ. ಅಂದರೆ ಮಗಳು ಹಜಾರದಲ್ಲಿ ನುಡಿಸಿದ್ದನ್ನು ಬೀದಿಯ ಆಚೆ ಮನೆಯಿಂದ ಕೇಳಿಸಿಕೊಂಡ ಹಾಗೆ. 128 ಅಂಕಿಯ ಚೊಂಬಾದರೆ ತುಂಬಲು ಸಾವಿರದ ಮೂರು ಪಾಲೂ ಬೇಡ. ಎರಡು ಚೊಂಬು, ಜೊತೆಗೆ ಡಬ್ಬಿಯ ಸ್ವಂತ ಕೆಲಸದ ಹೊತ್ತು ಸೇರಿ ಸಾವಿರದ ಹತ್ತು ಪಾಲಿನ ಆಸುಪಾಸು, ಹನ್ನೊಂದು ಅಡಿ ದೂರದಲ್ಲಿ ಆಂಪ್ಲಿಫೈಯರು ಇಟ್ಟುಕೊಂಡಂತೆ. ಅಷ್ಟನ್ನು ಕೈ ಗಮನಿಸುವುದೇ ಇಲ್ಲ. ಹಾಗಂತ ಲೋಟದಷ್ಟು ಚಿಕ್ಕ ಪಾತ್ರೆ ಹಿಡಿದರೆ ಓಡಿ ಓಡಿ ಕಂಪ್ಯೂಟರು ದಣಿಯುತ್ತದೆ, ನಡುವೆ ಒಂದು ಸರದಿ ತಪ್ಪುತ್ತದೆ, ಆಗ ಚಟಚಟ ಅಂತ ಸದ್ದು. ಆದ್ದರಿಂದ ಹಳೆ ಕಂಪ್ಯೂಟರಿನಲ್ಲಿ 128 ಅಥವಾ 256ರಿಂದ ಶುರು ಮಾಡಿ, ಚಟಚಟ ಬಂದರೆ ಒಂದು ಮೆಟ್ಟಿಲು ಹೆಚ್ಚಿಸಿ, ತಡವಾದರೆ ಒಂದು ಮೆಟ್ಟಿಲು ಇಳಿಸಿ. ಉಪ್ಪು ಹುಳಿ ಹೊಂದಿಸುವಷ್ಟೇ ಕೆಲಸ, ಬಾಯಿಯ ಬದಲು ಕಿವಿಯಲ್ಲಿ.

ವಿಂಡೋಸ್ ಕಂಪ್ಯೂಟರಿನಲ್ಲಿ ಇನ್ನೊಂದು ಗಂಟಿದೆ. ವಿಂಡೋಸು ತನ್ನದೇ ದಾರಿಯಲ್ಲಿ ಸದ್ದನ್ನು ಕಳಿಸಿದರೆ ಸುತ್ತುಬಳಸಿನ ಪ್ರಯಾಣ. ಜರ್ಮನಿಯ ಸ್ಟೈನ್‌ಬರ್ಗ್ ಕಂಪೆನಿ 1997ರಲ್ಲಿ ‘ಆಸಿಯೋ’ ಅನ್ನುವ ನೇರ ದಾರಿಯೊಂದನ್ನು ಮಾಡಿಕೊಟ್ಟಿತು. ಡಬ್ಬಿ ಮಾಡಿದ ಕಂಪೆನಿಯವರ ಆಸಿಯೋ ಡ್ರೈವರನ್ನು ಅವರದೇ ತಾಣದಿಂದ ಇಳಿಸಿಕೊಂಡು, ಗಿಟಾರಿನ ತಂತ್ರಾಂಶದ ಸೆಟ್ಟಿಂಗಿನಲ್ಲಿ ಅದನ್ನೇ ಆರಿಸಬೇಕು. ಕಂಪೆನಿಯವರು ಕೊಡದಿದ್ದರೆ ‘ಆಸಿಯೋ ಫಾರ್ ಆಲ್’ ಅಂತ ಉಚಿತವಾದದ್ದೊಂದಿದೆ. ಈ ಮನೆಯಲ್ಲಿ ಆಗಿದ್ದೂ ಅದೇ, ಡ್ರೈವರು ಹಾಕಿರಲಿಲ್ಲ. ಹಾಕಿ, ಚೊಂಬನ್ನು 256ಕ್ಕೆ ಇಟ್ಟ ಕೂಡಲೇ ಬೆರಳಿಗೆ ಸದ್ದು ಅಂಟಿಕೊಂಡಿತು. ಆಪಲ್ ಕಂಪ್ಯೂಟರಿದ್ದವರಿಗೆ ಈ ತಾಪತ್ರಯವಿಲ್ಲ, ಅವರಿಗೆ ಗರಾಜ್‌ಬ್ಯಾಂಡ್ ಅನ್ನುವುದೂ ಪುಕ್ಕಟೆ.

ಇದರ ಜೊತೆ ಮೂರು ಸಣ್ಣ ವಿಷಯ, ಹೇಳಿಬಿಡುತ್ತೇನೆ. ಬ್ಲೂಟೂತ್ ಹೆಡ್‌ಫೋನು ಎಷ್ಟೇ ದುಬಾರಿಯದಾದರೂ ಇದಕ್ಕೆ ಬೇಡವೇ ಬೇಡ. ಅದೊಂದೇ ಸಾವಿರದ ನೂರು, ಇನ್ನೂರು ಪಾಲು ತಡ ಮಾಡುತ್ತದೆ. ವೈರಿನದೇ ಇರಲಿ, ಅದನ್ನು ಕಂಪ್ಯೂಟರಿಗೆ ಚುಚ್ಚದೆ ಡಬ್ಬಿಗೇ ಚುಚ್ಚಬೇಕು. ಡಬ್ಬಿಯ ಮೇಲೆ ‘ಡೈರೆಕ್ಟ್ ಮಾನಿಟರ್’ ಅಂತ ಗುಂಡಿ ಇದ್ದರೆ ಆರಿಸಿಡಿ, ಇಲ್ಲದಿದ್ದರೆ ಕಂಪ್ಯೂಟರಿನ ಸದ್ದಿನ ಜೊತೆ ಬೋಳು ಗಿಟಾರಿನ ಟಿಣ್ ಟಿಣ್ ಕೂಡ ಕೇಳುತ್ತದೆ. ಮತ್ತೆ ‘ಗೇನ್’ ಅನ್ನುವ ತಿರುಪು: ಜೋರಾಗಿ ಮೀಟಿದಾಗ ಕೆಂಪು ದೀಪ ಹತ್ತದ ಹಾಗೆ ಇರಬೇಕು. ಕೆಂಪು ಹತ್ತಿದರೆ ಸದ್ದು ಹಾಲು ಒಡೆದಂತೆ ಒಡೆಯುತ್ತದೆ, ಆಮೇಲೆ ಏನು ಮಾಡಿದರೂ ಕೂಡುವುದಿಲ್ಲ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತು. ಅದು ಸಂಗೀತದ್ದಲ್ಲ, ಅರ್ಥಿಂಗಿನದು.

ಹುಡುಗಿ ಗಿಟಾರು ತೊಡೆಯ ಮೇಲಿಟ್ಟುಕೊಂಡಾಗ ಗುಂಯ್ ಅನ್ನುವ ಸದ್ದು ಹೆಡ್‌ಫೋನಿನಲ್ಲಿ ಬಿಡದೆ ಬರುತ್ತಿತ್ತು. ತಂತಿ ಮುಟ್ಟಿದರೆ ಬೆರಳಿಗೆ ಜುಂ ಅನ್ನುತ್ತೆ ಅಂದಳು. ತಾಯಿ “ಕಂಪ್ಯೂಟರು ಮುಟ್ಟಿದರೂ ಹಾಗೇ ಅಕ್ಕಾ, ಮೊದಲಿಂದಲೂ ಇದೆ” ಅಂತ ಸಲೀಸಾಗಿ ಹೇಳಿದರು. ಕೇಳಿ ನನಗೆ ಎದೆ ಝಲ್ಲೆಂದಿತು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ವೈರಿನ ಮೂಲಕ ಡಬ್ಬಿಗೆ, ಡಬ್ಬಿಯಿಂದ ಕಂಪ್ಯೂಟರಿನ ಲೋಹದ ಮೈಗೆ ಸೇರಿಕೊಂಡಿರುತ್ತವೆ. ಕಂಪ್ಯೂಟರಿನ ಮೈಯಲ್ಲಿ ವಿದ್ಯುತ್ತು ಇದ್ದರೆ ಮಗಳ ಹತ್ತು ಬೆರಳೂ ಅದರ ಮೇಲೆಯೇ ಇದ್ದ ಹಾಗೆ. ಅಲ್ಲಿ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿ ಗೋಡೆಗೆ ಚುಚ್ಚಿದ್ದರು. ಮೂರನೆಯ, ದಪ್ಪ ಪಿನ್ನು ಅರ್ಥಿಂಗಿನದು, ಅದು ಗಾಳಿಯಲ್ಲಿ ನೇತಾಡುತ್ತಿತ್ತು! ನಿಮ್ಮ ಮನೆಯಲ್ಲೂ ಇಂಥ ಅಡಾಪ್ಟರಿದ್ದರೆ ಈ ಪತ್ರಿಕೆ ಕೆಳಗಿಟ್ಟು ಮೊದಲು ಅದನ್ನು ಕಿತ್ತು ಹಾಕಿ ಬನ್ನಿ. ಗಿಟಾರು ಇರಲಿ ಬಿಡಲಿ.

ಸರಿಯಾದ ಸಾಕೆಟ್ಟಿಗೆ ಹಾಕಿದ ಮೇಲೂ ಜುಂ ಅನ್ನುವುದು ಪೂರ್ತಿ ಹೋಗಲಿಲ್ಲ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿದರು. ಮನೆ ಕಟ್ಟುವಾಗ ತೋಡಿದ್ದ ಅರ್ಥ್ ಗುಂಡಿಯ ಮೇಲೆ ಸಿಮೆಂಟು ಬಳಿದು ಬಟ್ಟೆ ಒಗೆಯುವ ಕಲ್ಲು ಇಟ್ಟಿದ್ದರು. ಇದ್ದಿಲು, ಉಪ್ಪು ತುಂಬಿದ ಗುಂಡಿ ಒಳಗೆ ಒಣಗಿ ಹೋಗಿತ್ತು, ತಂತಿ ತುಕ್ಕು ಹಿಡಿದಿತ್ತು. ಹಳೆ ಬಗೆಯ ಇಂಥ ಗುಂಡಿಗೆ ಬೇಸಗೆಯಲ್ಲಿ ಆಗಾಗ ಒಂದು ಬಿಂದಿಗೆ ನೀರು ಹಾಕಬೇಕು, ತೇವವಿದ್ದರೇ ಅದು ಕೆಲಸ ಮಾಡುವುದು. ನಮ್ಮ ಅತ್ತೆಯಂದಿರು ತುಳಸಿಗೆ ಹಾಕಿದ ಮೇಲೆ ಮಿಕ್ಕ ನೀರನ್ನು ಅಲ್ಲಿಗೆ ಸುರಿಯುತ್ತಿದ್ದರು, ಕಾರಣ ಕೇಳಿದರೆ ‘ಕರೆಂಟಿನವರು ಹೇಳಿದ್ದಾರೆ’ ಅನ್ನುತ್ತಿದ್ದರು. ಗುಂಡಿ ಸರಿಪಡಿಸಿ, ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಕೂಡ ಹಾಕಿಸಿಕೊಂಡರು. ವಿದ್ಯುತ್ತು ಸೋರಿ ಮೈ ಮುಟ್ಟಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸರಬರಾಜು ಕತ್ತರಿಸುವ ಸಾಧನ ಅದು. ಗಿಟಾರಿನ ಲೆಕ್ಕದಲ್ಲಿ ಇಷ್ಟು ಖರ್ಚು ಇರಲಿಲ್ಲ. ಆದರೆ ಗೀಸರು, ವಾಷಿಂಗ್ ಮೆಷಿನ್ನು, ಗ್ರೈಂಡರು ಎಲ್ಲಕ್ಕೂ ಇದೇ ಅರ್ಥಿಂಗು. ಸ್ನಾನದ ಮನೆಯಲ್ಲಿ ಆಗಬಹುದಾಗಿದ್ದ ಅನಾಹುತವನ್ನು ಗಿಟಾರು ಮೊದಲೇ ಹೇಳಿಕೊಟ್ಟಿತು. ಈ ಮಾತನ್ನು ಯಜಮಾನರಿಗೂ ಹೇಳಿ ಅಂತ ತಾಯಿಗೆ ತಾಕೀತು ಮಾಡಿ ಬಂದೆ.

ಅರ್ಥಿಂಗು ಸರಿಹೋದ ಮೇಲೂ ಸ್ವಲ್ಪ ಗುಂಯ್ ಉಳಿಯಬಹುದು. ಹಳೆ ಚೋಕಿನ ಟ್ಯೂಬ್‌ಲೈಟು, ಫ್ಯಾನಿನ ರೆಗ್ಯುಲೇಟರು ಒಂದೊಂದಾಗಿ ಆರಿಸಿ ನೋಡಿ. ಕಂಪ್ಯೂಟರಿನ ಕಡೆಗೆ ಅಡ್ಡಲಾಗಿ ತಿರುಗಿ ಕುಳಿತರೂ ಕಡಿಮೆಯಾಗುತ್ತದೆ. ಗಿಟಾರಿನ ಸುರುಳಿ ಸುತ್ತಲಿನ ಎಲ್ಲ ವಿದ್ಯುತ್ತಿನ ಪಿಸುಮಾತನ್ನೂ ಕೇಳಿಸಿಕೊಳ್ಳುವ ಜಾತಿಯದು.

ಎರಡು ವಾರದ ಮೇಲೆ ಆ ತಾಯಿ ಫೋನು ಮಾಡಿದರು. ಪಕ್ಕದ ದಾದಿಗೆ ನಿದ್ದೆ ಬರುತ್ತಿದೆ, ಯಜಮಾನರು ಹಗಲು ಮಲಗುತ್ತಿದ್ದಾರೆ. ಮಾರುವ ಮಾತು ಅವರು ಮತ್ತೆ ಎತ್ತಿಲ್ಲ, ಒಪ್ಪಿದೆ ಅಂತಲೂ ಅಂದಿಲ್ಲ. ಆಮೇಲೆ ಸ್ವಲ್ಪ ತಡೆದು, “ಆದರೆ ಅಕ್ಕಾ, ಒಂದು ಥರಾ ಆಗುತ್ತೆ. ಗಲಾಟೆ ಅಂತ ಬೈತಿದ್ದೆ. ಈಗ ಎರಡು ಗಂಟೆ ಹೊತ್ತು ಕಣ್ಣು ಮುಚ್ಚಿ ಕೂತಿರ್ತಾಳೆ, ಬೆರಳು ಓಡ್ತಿರುತ್ತೆ, ನನಗೆ ಏನೂ ಕೇಳಿಸಲ್ಲ. ಕುಕ್ಕರ್ ಕೂಗಿದರೂ ಅವಳಿಗೆ ಕೇಳಿಸಲ್ಲ. ಲೈಟು ಆರಿಸಿ ಹತ್ತಿಸಿ ಊಟಕ್ಕೆ ಕರೀಬೇಕು” ಅಂದರು.

ಈ ಮಾತು ನನ್ನ ಮನಸ್ಸಿನಲ್ಲಿ ಬಹಳ ಹೊತ್ತು ನಿಂತಿತು. ಇದಕ್ಕೂ ಒಂದು ಉಪಾಯ ಇದೆ, ನೂರೈವತ್ತು ಇನ್ನೂರು ರೂಪಾಯಿನದು. ಒಂದು ತೂತನ್ನು ಎರಡು ಮಾಡುವ ಕವಲು ವೈರು ಸಿಗುತ್ತದೆ, ‘ಸ್ಪ್ಲಿಟರ್’ ಅನ್ನಿ, ಕೊಡುತ್ತಾರೆ. ಮಗಳಿಗೊಂದು ಹೆಡ್‌ಫೋನು, ಮನೆಯಲ್ಲಿರುವ ಯಾವುದಾದರೂ ವೈರಿನ ಇಯರ್‌ಫೋನು ನಿಮಗೊಂದು. ಡಬ್ಬಿಯ ತೂತು ಸಾಮಾನ್ಯವಾಗಿ ದಪ್ಪ, ಸಣ್ಣ ಪಿನ್ನಿಗೆ ಹೊಂದುವ ತೊಟ್ಟನ್ನೂ ಕೇಳಿ ತನ್ನಿ. ಹುರುಳಿಕಾಯಿ ಬಿಡಿಸುತ್ತ ಪಕ್ಕದಲ್ಲಿ ಕೂತು ಕೇಳಿ. ಅವರು ತರಿಸಿ ಕೇಳಿದರಂತೆ. ಅವಳು ಮಾಯಾಮಾಳವಗೌಳದ ಸರಳೆ ವರಸೆಯನ್ನೇ ಆ ಗುರ್ರ್ ಅನ್ನುವ ದನಿಯಲ್ಲಿ ನುಡಿಸುತ್ತಿದ್ದಳಂತೆ. “ನಾನು ಚಿಕ್ಕವಳಿದ್ದಾಗ ಕಲಿತು ಬಿಟ್ಟಿದ್ದು ಅಕ್ಕಾ, ಇವಳಿಗೆ ಯಾರು ಹೇಳಿಕೊಟ್ಟರೋ” ಅಂದರು.

ಕಿವಿಯ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಮಕ್ಕಳು ಸದ್ದು ಏರಿಸುತ್ತ ಹೋಗುವುದು ಅವರಿಗೇ ತಿಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬಲ್ ಆದರೆ ವಾರಕ್ಕೆ ನಾಲ್ಕೇ ಗಂಟೆ. ಅಳೆಯುವ ಯಂತ್ರ ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು? ಹೆಡ್‌ಫೋನು ಹಾಕಿಕೊಂಡಿದ್ದಾಗ ಪಕ್ಕದಲ್ಲಿ ನಿಂತವರಿಗೆ ಅದರಿಂದ ಸದ್ದು ಸ್ಪಷ್ಟವಾಗಿ ಸೋರಿ ಕೇಳಿಸಿದರೆ ಹೆಚ್ಚಾಯಿತು ಅಂತ ತಿಳಿಯಿರಿ. ನುಡಿಸಿದ ಮೇಲೆ ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಆದರೆ ಅಂದೇ ತಗ್ಗಿಸಬೇಕು. ಮುಕ್ಕಾಲು ಗಂಟೆಗೊಮ್ಮೆ ಎಬ್ಬಿಸಿ ಒಂದು ಲೋಟ ನೀರು ಕೊಡಿ. ಕಿವಿ ಮುಚ್ಚುವಂಥ ದೊಡ್ಡ ಹೆಡ್‌ಫೋನಾದರೆ ಹೊರಗಿನ ಗಲಾಟೆ ತಡೆಯುತ್ತದೆ, ಸದ್ದು ಏರಿಸುವ ಆಸೆಯೂ ಕಡಿಮೆ.

ಖರ್ಚಿನ ಬಗ್ಗೆ ಇನ್ನೊಂದೇ ಎಚ್ಚರಿಕೆ. ದುಡ್ಡು ಕೊಡಬೇಕಾದ ತಂತ್ರಾಂಶವನ್ನು ಕದ್ದು ಪುಕ್ಕಟೆ ಹಂಚುವ ತಾಣಗಳಿವೆ, ಗೆಳೆಯರು ಪೆನ್‌ಡ್ರೈವಿನಲ್ಲಿ ತಂದು ಕೊಡುವುದೂ ಉಂಟು. ಬೇಡ. ಅದರ ಜೊತೆ ವೈರಸ್ಸು ಬರುವುದು ಮಾಮೂಲು, ನೀವು ಬ್ಯಾಂಕಿನ ಕೆಲಸ ಮಾಡುವುದೂ ಅದೇ ಕಂಪ್ಯೂಟರಿನಲ್ಲಿ. ಉಚಿತವಾದವು ಎರಡು ವರ್ಷ ಕಲಿಯಲು ಧಾರಾಳ ಸಾಕು. ನುಡಿಸಿದ್ದನ್ನು ಮುದ್ರಿಸಿಕೊಳ್ಳಬೇಕೆಂದರೆ ರೀಪರ್ ಅನ್ನುವುದನ್ನು 60 ದಿನ ಪುಕ್ಕಟೆ ಪರೀಕ್ಷಿಸಬಹುದು, ಆಮೇಲೆ ಮನೆಬಳಕೆಗೆ 60 ಡಾಲರು. ಅದನ್ನು ಅವಳ ಮನೆಪಾಠದ ದುಡ್ಡಿನಿಂದ ಅವಳೇ ಕೊಳ್ಳಲಿ. ಅಂಗಡಿಯಿಂದ ಡಬ್ಬಿ ತರುವಾಗ ಬಿಲ್ಲು, ವಾರಂಟಿ ಕಾರ್ಡು ಕೇಳಿ ಪಡೆಯಿರಿ, ಪೆಟ್ಟಿಗೆಯನ್ನು ತಿಂಗಳ ಮಟ್ಟಿಗಾದರೂ ಎಸೆಯಬೇಡಿ.

ಗಿಟಾರಿನ ತಂತಿಗೆ ಬೆವರು ತಾಗಿ ತುಕ್ಕು ಬರುತ್ತದೆ. ನುಡಿಸಿದ ಮೇಲೆ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಪ್ರತಿ ತಂತಿಯನ್ನೂ ಒರೆಸಿಡಬೇಕು. ಹೊಲಿಗೆ ಮೆಷಿನ್ನಿಗೆ ಬಿಟ್ಟ ಹಾಗೆ ಕೊಬ್ಬರಿ ಎಣ್ಣೆ ಮಾತ್ರ ಹಚ್ಚಬೇಡಿ, ಜಿಡ್ಡಿಗೆ ಧೂಳು ಕೂತು ತಂತಿ ಮಂಕಾಗುತ್ತದೆ.